ಹಣಕಾಸಿನ ಸಾಹೇಬರಿಗೆ ಬಾವಿ ನೀರು

ನಾನು ಮದುವೆಯಾಗಿ ಚಿಕ್ಕಲಸಂದ್ರದ ಪಕ್ಕದ ಹಳ್ಳಿ ಮನೆಗೆ ಬಂದಾಗ ಬನಶಂಕರಿಯ ಹೊಸ ಬಡಾವಣೆಗಳು ಇನ್ನೂ ನೆಲದ ಮೇಲಿನ ಸುಣ್ಣದ ಗೆರೆಗಳಾಗಿದ್ದವು. ಕೆಲವೇ ವರ್ಷಗಳಲ್ಲಿ ಆ ಗೆರೆಗಳೆಲ್ಲ ಮನೆಗಳಾದವು, ಮನೆಗಳಿಗೆಲ್ಲ ಬಚ್ಚಲುಗಳಾದವು. ಅಷ್ಟು ಬಚ್ಚಲ ನೀರು ಎಲ್ಲಿಗೆ ಹೋಗಬೇಕು? ಅದುವರೆಗೆ ಮಳೆನೀರನ್ನಷ್ಟೇ ಕೆರೆಗೆ ತರುತ್ತಿದ್ದ ರಾಜಕಾಲುವೆಗೆ ಬಂತು. ಆ ಕಾಲುವೆ ನಮ್ಮ ಹಿತ್ತಿಲಿಗೆ ತಾಗಿಕೊಂಡೇ ಹರಿಯುತ್ತಿತ್ತು, ಅದರಿಂದ ಹತ್ತು ಮಾರು ಈಚೆಗೆ ನಮ್ಮ ಬಾವಿ. ಮೊದಲು ಕೆರೆ ಕೆಟ್ಟಿತು, ಅದರ ಹಿಂದೆಯೇ ಬಾವಿಯೂ ಕೆಟ್ಟಿತು.

ಅದು ನನ್ನ ಅತ್ತೆಯ ಬಾವಿ. ಮಾತಿಗೆ ಹೇಳುತ್ತಿಲ್ಲ. ಅವರು ಈ ಮನೆಗೆ ಸೊಸೆಯಾಗಿ ಬಂದ ವರ್ಷವೇ ಅದನ್ನು ತೋಡಿದ್ದು, ಒಳಗಿನ ಮಣ್ಣನ್ನು ಮಂಕರಿ ಮಂಕರಿ ತಲೆಯ ಮೇಲೆ ಹೊತ್ತು ಹೊರಗೆ ಸುರಿದದ್ದು ಅವರೇ. ನೆತ್ತಿಯ ಕೂದಲು ತೆಳ್ಳಗಾದದ್ದು ಅದರಿಂದಲೇ ಎಂದು ಜಂಬದಿಂದ ಹೇಳಿಕೊಳ್ಳುತ್ತಿದ್ದರು. ನೀರು ಕೆಟ್ಟ ಮೇಲೂ ದಿನಾ ಬೆಳಿಗ್ಗೆ ಒಂದು ಕೊಡ ಸೇದುವರು, ಮೂಗಿನ ಹತ್ತಿರ ಹಿಡಿದು ನೋಡುವರು, ತೆಂಗಿನ ಬುಡಕ್ಕೆ ಚೆಲ್ಲುವರು. ಕುಡಿಯುವುದಕ್ಕೆ ಮೇಲಿನ ರಸ್ತೆಯ ಬೀದಿ ನಲ್ಲಿಯಿಂದ ನಾವಿಬ್ಬರೂ ಹೊತ್ತು ತರುತ್ತಿದ್ದೆವು.

ನಮ್ಮನೆಯವರಿಗೆ ಸಾಕುಸಾಕಾಗಿಹೋಗಿತ್ತು. ಸೊಳ್ಳೆ, ನಾತ, ಮಗುವಿಗೆ ಎರಡು ಸಲ ಭೇದಿ. ನಾಲ್ಕು ಲಾರಿ ಮಣ್ಣು ಹಾಕಿಸಿ ಬಾವಿ ಮುಚ್ಚಿಬಿಡೋಣ ಎಂದರು. ಅತ್ತೆ ಎರಡು ದಿನ ಊಟ ಬಿಟ್ಟರು. ಕೊನೆಗೆ ತಾಯಿ ಮಗ ಒಂದು ಒಪ್ಪಂದಕ್ಕೆ ಬಂದರು. ಕಾಲುವೆ ನೀರನ್ನು ಶುದ್ಧ ಮಾಡಲೆಂದು ನನ್ನ ಕಚೇರಿಯಲ್ಲಿ ಓಡಾಡುತ್ತಿದ್ದ ಫೈಲಿಗೆ ಸರ್ಕಾರದ ದುಡ್ಡು ಮಂಜೂರಾದರೆ ಬಾವಿ ಉಳಿಯುತ್ತದೆ, ಇಲ್ಲವಾದರೆ ಯುಗಾದಿ ಕಳೆದ ವಾರವೇ ಲಾರಿ ಬರುತ್ತದೆ.

ನಾನು ಆಗ ಜಯನಗರದ ಒಂದು ಇಂಜಿನಿಯರಿಂಗ್ ಕಚೇರಿಯಲ್ಲಿ ಟೈಪಿಸ್ಟ್. ಎಪ್ಪತ್ತರ ದಶಕದ ಕೊನೆ ಅದು. ಹಳ್ಳಿ ಮನೆಯ ಸೊಸೆ ಸೀರೆ ಉಟ್ಟು ಬಸ್ಸು ಹತ್ತಿ ಕೆಲಸಕ್ಕೆ ಹೋಗುವುದನ್ನು ನೋಡಲು ಬೀದಿಯ ಬಾಗಿಲುಗಳೆಲ್ಲ ತೆರೆದುಕೊಳ್ಳುತ್ತಿದ್ದವು. ನೋಡಲಿ ಬಿಡಿ, ನನಗೇನು. ನಮ್ಮ ಇಂಜಿನಿಯರ್ ಸಾಹೇಬರು ಮಾತು ಕಮ್ಮಿಯ ಮನುಷ್ಯ. ಕಾಲುವೆಯ ನೀರನ್ನು ಶುದ್ಧ ಮಾಡಿಯೇ ಕೆರೆಗೆ ಬಿಡಬೇಕೆಂದು ಅವರು ಯೋಜನೆ ಬರೆದಿದ್ದರು. ನನಗೆ ಅರ್ಥವಾಗಲೆಂದು ಹಾಳು ಕಾಗದದ ಹಿಂಬದಿಯಲ್ಲಿ ಚಿತ್ರ ಬಿಡಿಸಿದರು. ಕೊಚ್ಚೆ ನೆಲಕ್ಕೆ ಇಂಗದಂತೆ ಕಾಲುವೆಗೆ ಸಿಮೆಂಟಿನ ತಳ. ಅದರ ಕೊನೆಯಲ್ಲಿ ಮೊದಲು ಒಂದು ದೊಡ್ಡ ಗುಂಡಿ, ಹೂಳು ಅಲ್ಲಿ ತಳಕ್ಕೆ ಕೂರುತ್ತದೆ. ಆಮೇಲೆ ದಪ್ಪ ಜಲ್ಲಿ, ಸಣ್ಣ ಜಲ್ಲಿ, ಮರಳು. ಕೊನೆಗೆ ಜೊಂಡು ಬೆಳೆದ ಆಳವಿಲ್ಲದ ಕೊಳ, ಅಲ್ಲಿಂದ ಕೆರೆಗೆ. ಹುಲ್ಲು ಕೊಚ್ಚೆ ತೊಳೆಯುತ್ತದಾ ಸಾರ್ ಎಂದು ಕಿಸಕ್ಕನೆ ನಕ್ಕುಬಿಟ್ಟೆ. ನನ್ನ ಬಾಯಿ ಯಾವತ್ತೂ ಹಾಗೆಯೇ, ಮೊದಲು ಆಡಿ ಆಮೇಲೆ ಪೇಚಾಡುವುದು. ಸಂಜೆ ಮನೆಯಲ್ಲಿ ಅದನ್ನೇ ತಮಾಷೆಯಾಗಿ ಹೇಳಿದರೆ ಅತ್ತೆ ನಗಲಿಲ್ಲ. ಅವರ ಕಾಲದಲ್ಲಿ ಕೆರೆಯ ಬಾಯಿಯ ತುಂಬ ಜೊಂಡೇ ಇತ್ತಂತೆ, ಕೊಕ್ಕರೆ ಮೊಟ್ಟೆ ಇಡುತ್ತಿದ್ದವಂತೆ. ನಿಮ್ಮ ಸಾಹೇಬರು ಓದಿದೋರಾದ್ರೂ ಬುದ್ಧಿವಂತರು ಎಂದರು.

ಆ ಅಂದಾಜು ಪಟ್ಟಿಯನ್ನು ಕಾರ್ಬನ್ ಇಟ್ಟು ನಾನು ಎಷ್ಟು ಸಲ ಟೈಪ್ ಮಾಡಿದೆನೋ ಲೆಕ್ಕವಿಲ್ಲ. ಹೋದ ಫೈಲು ಹೋದ ಹಾಗೆಯೇ ವಾಪಸು ಬರುತ್ತಿತ್ತು. ಮಳೆನೀರಾದರೆ ಶುದ್ಧ ಮಾಡುವುದೇಕೆ ಎಂದು ಒಂದು ಮೇಜು ಕೇಳಿತು. ಕೊಚ್ಚೆ ನೀರಾದರೆ ಮಳೆನೀರಿನ ಕಾಲುವೆಗೆಂದಿಟ್ಟ ಹಣ ಏಕೆ ಎಂದು ಇನ್ನೊಂದು ಮೇಜು. ಓದಿ ಓದಿ ನನಗೆ ಮೈ ಉರಿಯುತ್ತಿತ್ತು. ಕೊನೆಗೊಂದು ದಿನ ಕಾಗದ ಬಂತು. ವಿಧಾನಸೌಧದಿಂದ ಹಣಕಾಸಿನ ಹಿರಿಯ ಸಾಹೇಬರು ತಾವೇ ಬಂದು ಸ್ಥಳ ನೋಡಿ ತೀರ್ಮಾನ ಮಾಡುತ್ತಾರೆಂದು. ಯುಗಾದಿಗೆ ಇನ್ನು ಮೂರೇ ವಾರ.

ತಪ್ಪು ಮಾಡಿದವಳು ನಾನೇ. ತಪಾಸಣೆಯ ಸುತ್ತೋಲೆಯನ್ನು ಟೈಪ್ ಮಾಡುವಾಗ ಕೊನೆಯಲ್ಲಿ ‘ಸ್ಥಳವನ್ನು ಅಚ್ಚುಕಟ್ಟಾಗಿ ಇಡತಕ್ಕದ್ದು’ ಎಂದು ಸೇರಿಸಿದೆ. ಯಾರೂ ಹೇಳಿರಲಿಲ್ಲ. ಎಲ್ಲ ತಪಾಸಣೆಯ ಸುತ್ತೋಲೆಗಳೂ ಹಾಗೆಯೇ ಮುಗಿಯುತ್ತಿದ್ದವು, ಬೆರಳು ತನ್ನಷ್ಟಕ್ಕೆ ತಾನೇ ಹೊಡೆದುಬಿಟ್ಟಿತು. ನಮ್ಮ ಸಾಹೇಬರು ನೂರಾರು ಕಾಗದಗಳ ನಡುವೆ ಅದಕ್ಕೂ ರುಜು ಹಾಕಿದರು.

ದೊಡ್ಡವರು ಬರುತ್ತಾರೆಂದರೆ ನಮ್ಮ ಕಚೇರಿಯವರ ಕೈಕಾಲು ಹೇಗೆ ಓಡುತ್ತವೆಂದು ಕಂಡವರಿಗೇ ಗೊತ್ತು. ಸುತ್ತೋಲೆ ಕೈಗೆ ಸಿಕ್ಕಿದ್ದೇ ತಡ, ನಾಲ್ಕು ದಿನ ಇಪ್ಪತ್ತು ಆಳುಗಳು ಕಾಲುವೆಗೆ ಇಳಿದರು. ಕೆಸರೆತ್ತಿ ಲಾರಿಯಲ್ಲಿ ಸಾಗಿಸಿದರು. ನೀರು ಬರುವ ಕಡೆ ಮರಳಿನ ಮೂಟೆಗಳನ್ನಿಟ್ಟು ಬಚ್ಚಲ ನೀರನ್ನು ತಡೆದರು. ಬ್ಲೀಚಿಂಗ್ ಪುಡಿ ಚೆಲ್ಲಿದರು, ದಡದ ಕಲ್ಲುಗಳಿಗೆ ಸುಣ್ಣ ಬಳಿದರು. ಮಗುವಿಗೆ ಜ್ವರವೆಂದು ನಾನು ಆ ನಾಲ್ಕು ದಿನ ರಜೆಯಲ್ಲಿ ಮನೆಯಲ್ಲೇ ಇದ್ದೆ. ನಮ್ಮ ಸಾಹೇಬರು ಮೈಸೂರಿಗೆ ಹೋಗಿದ್ದರು. ಆಳುಗಳು ಕೆಲಸ ಮಾಡುವುದನ್ನು ನೋಡುತ್ತ ಆಹಾ, ಎಷ್ಟು ಚೆನ್ನಾಗಿ ಮಾಡುತ್ತಿದ್ದಾರೆ ಅಂದುಕೊಂಡೆ. ನನ್ನ ಬುದ್ಧಿಗೆ ಬೆಂಕಿ ಹಾಕ.

ತಪಾಸಣೆಯ ದಿನ ಹಣಕಾಸಿನ ಸಾಹೇಬರು ಕಾರಿನಿಂದಿಳಿದು ದಡದ ಮೇಲೆ ನಿಂತರು. ಬಿಳಿ ಅಂಗಿ, ತೆಳು ಮೈ, ಕೈಯಲ್ಲಿ ನಾನು ಟೈಪ್ ಮಾಡಿದ ಅಂದಾಜು ಪಟ್ಟಿ. ಕಾಲುವೆಯ ತಳದಲ್ಲಿ ಒಂದು ಎಳೆ ತಿಳಿನೀರು ಹರಿಯುತ್ತಿತ್ತು. ಅವರು ಆ ತುದಿಯಿಂದ ಈ ತುದಿಯವರೆಗೆ ನೋಡಿ, “ಚೆನ್ನಾಗೇ ಇದೆಯಲ್ರೀ. ಇದಕ್ಕೆ ಯಾಕೆ ಇಷ್ಟೊಂದು ದುಡ್ಡು?” ಎಂದರು.

ಬೆಳಗಿನ ರೈಲಿನಲ್ಲಷ್ಟೇ ವಾಪಸು ಬಂದಿದ್ದ ನಮ್ಮ ಸಾಹೇಬರ ಮುಖ ಬಿಳಿಚಿಕೊಂಡಿತು. ತಮ್ಮ ಕಚೇರಿಯವರೇ ತೊಳೆದಿಟ್ಟಿದ್ದಾರೆಂದು ಹೇಗೆ ಹೇಳುವುದು? ಹೇಳಿದರೆ, ತೊಳೆಯಲು ನಿಮ್ಮಿಂದ ಆಗುತ್ತದಲ್ಲ, ದಿನಾ ತೊಳೆಯಿರಿ ಎನ್ನುತ್ತಿದ್ದರು ಹಣಕಾಸಿನವರು. ನಮ್ಮ ಸಾಹೇಬರು ನಕ್ಷೆ ಬಿಚ್ಚಿ ತಡವರಿಸುತ್ತಿದ್ದರು. ಅವರ ಹಿಂದೆ ಫೈಲು ಹಿಡಿದು ನಿಂತಿದ್ದ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬಿಸಿಲು ಚುರುಗುಟ್ಟುತ್ತಿತ್ತು. ಇಲ್ಲೇ ನಮ್ಮ ಟೈಪಿಸ್ಟ್ ಅವರ ಮನೆ, ಎರಡು ನಿಮಿಷ ನೆರಳಿಗೆ ಬನ್ನಿ ಸಾರ್ ಎಂದು ನಮ್ಮ ಸಾಹೇಬರು ಕೇಳಿಕೊಂಡರು.

ಹಣಕಾಸಿನವರು ನಮ್ಮ ಜಗಲಿಯ ಮೇಲೆ ಕುಳಿತರು. ಮನೆಗೆ ಯಾರೇ ಬರಲಿ, ಮೊದಲು ಬೆಲ್ಲ ನೀರು ಕೊಟ್ಟೇ ಮಾತಾಡಿಸುವುದು ನಮ್ಮ ಕಡೆಯ ಪದ್ಧತಿ. ಬಾವಿ ಕೆಟ್ಟ ಮೇಲೆ ಅತ್ತೆ ಬಂದವರಿಗೆಂದೇ ನಲ್ಲಿ ನೀರನ್ನು ಬೇರೆ ಕೊಡದಲ್ಲಿ ಮುಚ್ಚಿಡುತ್ತಿದ್ದರು. ಬಾವಿ ಕೆಟ್ಟಿರುವುದು ನೆಂಟರಿಗೆ ಗೊತ್ತಾಗಬಾರದೆಂಬ ಅಭಿಮಾನ. ಅವತ್ತು ಹಿತ್ತಿಲಿಂದ ರಾಟೆಯ ಸದ್ದು ಕೇಳಿಸಿತು. ಇದೇನು ಇವರು ಈ ಹೊತ್ತಿನಲ್ಲಿ ನೀರು ಸೇದುತ್ತಿದ್ದಾರೆ ಎಂದುಕೊಳ್ಳುವಷ್ಟರಲ್ಲಿ ಅತ್ತೆ ತಟ್ಟೆಯಲ್ಲಿ ಬೆಲ್ಲದುಂಡೆ, ಹಿತ್ತಾಳೆ ಚೊಂಬು ಹಿಡಿದು ಹೊರಬಂದರು.

ಆ ದೊಡ್ಡ ಮನುಷ್ಯರು ಚೊಂಬನ್ನು ತುಟಿಯ ಹತ್ತಿರಕ್ಕೆ ತಂದರು. ಅಲ್ಲಿಗೇ ಕೈ ನಿಂತಿತು. ನಾತ ನಾನು ನಿಂತಲ್ಲಿಗೂ ಬಂತು. ಅತ್ತೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ನೆಲ ನೋಡುತ್ತ, ಒಂದೂ ಅಕ್ಷರ ನಡುಗದ ಹಾಗೆ ಮಾತಾಡಿದರು.

“ಕುಡೀಬ್ಯಾಡಿ ಸಾಮಿ. ಬಂದೋರಿಗೆ ಇಂಥ ನೀರು ಕೊಡಬಾರ್ದು, ಗೊತ್ತೈತೆ. ಕಾಲುವೇನ ನಾಕು ದಿನ್ದಿಂದ ತೊಳುದ್ರು. ಬಾವಿ ತೊಳ್ಯಾಕೆ ಯಾರ ಕೈಲೂ ಆಗ್ನಿಲ್ಲ.”

ಹಣಕಾಸಿನವರು ಚೊಂಬನ್ನು ಮೆಲ್ಲಗೆ ಕೆಳಗಿಟ್ಟು ಎದ್ದರು. ಬಾವಿ ಎಲ್ಲಿದೆ ಎಂದು ಕೇಳಿದರು. ಹಿತ್ತಿಲಿಗೆ ಹೋಗಿ ಕಟ್ಟೆಗೆ ಎರಡೂ ಕೈಯೂರಿ ಬಗ್ಗಿ ನೋಡಿದರು, ಬಹಳ ಹೊತ್ತು ನೋಡಿದರು. ಅಲ್ಲಿಂದ ಕಾಲುವೆಗೆ ಎಷ್ಟು ದೂರವೆಂದು ಹೆಜ್ಜೆ ಹಾಕಿ ಅಳೆದರು. ಹೊರಡುವ ಮುಂಚೆ ಜಗಲಿಗೆ ಬಂದು ತಟ್ಟೆಯಲ್ಲಿದ್ದ ಬೆಲ್ಲದುಂಡೆಯನ್ನು ಬಾಯಿಗೆ ಹಾಕಿಕೊಂಡು ಅತ್ತೆಗೆ ಕೈ ಮುಗಿದರು. ಮಂಜೂರು ಮಾಡುತ್ತೇನೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ.

ಕಾರು ಹೋದ ಮೇಲೆ ಅತ್ತೆಯನ್ನು ಹುಡುಕಿದರೆ ಅಡಿಗೆಮನೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತು ಬಿಕ್ಕುತ್ತಿದ್ದರು. ಮನೆಗೆ ಬಂದವರಿಗೆ ಹೊಲಸು ಕೊಟ್ಟುಬಿಟ್ಟೆ ಕಣವ್ವ ಎಂದು ಅದನ್ನೇ ಹೇಳಿದರು. ಅಷ್ಟು ವರ್ಷ ಅವರ ಜೊತೆ ಹಿತ್ತಿಲು, ಒಲೆ, ಕಸಬರಿಕೆಗೆಲ್ಲ ಜಗಳವಾಡಿದ್ದೆ. ಅವತ್ತು ಹೋಗಿ ಅವರ ಪಕ್ಕದಲ್ಲೇ ಕೂತೆ. ಈ ಹೆಂಗಸು ತನ್ನ ಮಾನವನ್ನೇ ಚೊಂಬಿನಲ್ಲಿ ತುಂಬಿ ಹೊರಗೆ ತಂದಿದ್ದಳು.

ಯುಗಾದಿಗೆ ಎರಡು ದಿನ ಇರುವಾಗ ಸರ್ಕಾರಿ ಆದೇಶ ಬಂತು, ಕೇಳಿದಷ್ಟೂ ಮಂಜೂರು. ಅದರ ನಕಲು ಟೈಪ್ ಮಾಡುತ್ತಿದ್ದಾಗ ಮೊತ್ತದ ಸಾಲನ್ನು ಎರಡು ಸಲ ಓದಿದೆ. ಯಾವುದೋ ಊರಿನ ಯಾರೋ ಬೆಂಕಿಪೊಟ್ಟಣ ಕೊಂಡು ಕೊಟ್ಟ ತೆರಿಗೆ, ಯಾರೋ ರೈತ ಕಟ್ಟಿದ ಕಂದಾಯ, ನಮ್ಮ ಮುಖವನ್ನೇ ಕಾಣದವರ ದುಡ್ಡು ಎಲ್ಲೆಲ್ಲೋ ಸುತ್ತಿ ನಮ್ಮ ಹಿತ್ತಿಲಿಗೆ ಬರುತ್ತಿದೆಯಲ್ಲ! ಸರ್ಕಾರವೆಂದರೆ ಬರೀ ಮೇಜು, ಬರೀ ಆಕ್ಷೇಪಣೆ ಎಂದು ಬೈದುಕೊಂಡಿದ್ದ ನನಗೆ ಅವತ್ತು ಅದು ದೊಡ್ಡ ಪವಾಡದ ಹಾಗೆ ಕಂಡಿತು. ಈಗಲೂ ಹಾಗೆಯೇ ಕಾಣುತ್ತದೆ, ಯಾರು ನಕ್ಕರೂ ಸರಿ.

ಕೆಲಸ ಮುಗಿಯಲು ಎರಡು ವರ್ಷ ಹಿಡಿಯಿತು. ಆಮೇಲಿನ ಮೊದಲ ದೊಡ್ಡ ಮಳೆ ಮಧ್ಯಾಹ್ನ ಸುರಿಯಿತು. ನಿಂತ ಕೂಡಲೇ ನಾನೂ ಅತ್ತೆಯೂ ಸೀರೆ ಮೇಲಕ್ಕೆತ್ತಿ ಕಟ್ಟಿಕೊಂಡು ಓಡಿದೆವು. ಬನಶಂಕರಿಯ ಬೀದಿ ಬೀದಿಯ ಕೊಳೆಯನ್ನು ಹೊತ್ತು ನೀರು ಕರ್ರಗೆ, ನೊರೆಯಾಗಿ, ಭೋರೆಂದು ಬಂದು ಮೊದಲ ಗುಂಡಿಗೆ ಬಿತ್ತು. ಅಲ್ಲಿ ಅದರ ಆರ್ಭಟವೇ ಇಳಿಯಿತು. ಜಲ್ಲಿ ದಾಟುವಾಗ ಬಣ್ಣ ಕಂದಾಯಿತು. ಆಳೆತ್ತರದ ಜೊಂಡಿನೊಳಗೆ ಸದ್ದೇ ಇಲ್ಲದೆ ನುಸುಳಿ, ಆಚೆ ತುದಿಯ ಕಲ್ಲಿನ ಮೇಲಿಂದ ಕೆರೆಗೆ ಇಳಿಯುವಾಗ ಅದರ ಕೆಳಗಿನ ಕಲ್ಲು ಕಾಣುತ್ತಿತ್ತು. ನಾನು ಬಾಯಿ ಬಿಟ್ಟುಕೊಂಡು ನಿಂತುಬಿಟ್ಟೆ. ಒದ್ದೆ ಬಟ್ಟೆಯಲ್ಲಿ ಸಂಜೆಯವರೆಗೂ ಅಲ್ಲಿಂದ ಕದಲಲಿಲ್ಲ. ಪಕ್ಕದಲ್ಲಿ ಅತ್ತೆ ಕೈ ಮುಗಿದುಕೊಂಡು ನಿಂತಿದ್ದರು.

ಬಾವಿ ಮಾತ್ರ ತನ್ನ ಪಾಡಿಗೆ ನಿಧಾನವಾಗಿ ತಿಳಿಯಾಯಿತು. ಮೂರು ಮಳೆಗಾಲ ಬೇಕಾಯಿತು. ಪರೀಕ್ಷೆಗೆ ಕಳಿಸಿದ ಬಾಟಲಿಗೆ, ಕುಡಿಯಲು ಯೋಗ್ಯ ಎಂಬ ಚೀಟಿ ಬಂದ ದಿನ ಅತ್ತೆ ಒಂದು ಕೊಡ ಸೇದಿ ಮೊದಲ ಲೋಟವನ್ನು ನನಗೆ ಕೊಟ್ಟರು. ಕುಡಿದೆ. ಎಳನೀರಿನ ಹಾಗೆ ಸಿಹಿಯಾಗಿತ್ತು. ನೀವೂ ಕುಡೀರಿ ಅತ್ತೆ ಎಂದು ಲೋಟ ಮುಂದೆ ಮಾಡಿದೆ. ಅವರು ತುಟಿಯ ಹತ್ತಿರಕ್ಕೆ ತಂದು ಹಾಗೆಯೇ ಕೆಳಗಿಳಿಸಿದರು.

“ನಂಗೆ ಇನ್ನೂ ನಾತ ಬತ್ತೈತೆ ಕಣವ್ವ.”

ಬಾವಿಯಲ್ಲಿ ನಾತವಿರಲಿಲ್ಲ. ಅವರ ಮೂಗಿನಿಂದ ಅದು ಕೊನೆಯವರೆಗೂ ಹೋಗಲಿಲ್ಲ. ಬೇಸಿಗೆಯಲ್ಲಿ ನಲ್ಲಿ ನಿಂತಾಗ ಬೀದಿಯವರೆಲ್ಲ ಕೊಡ ತಂದು ಸಾಲು ನಿಲ್ಲುತ್ತಿದ್ದರು, ನಾವು ಬೇಡವೆಂದರೂ ಕೇಳದೆ ಅತ್ತೆ ತಾವೇ ಹಗ್ಗ ಹಿಡಿದು ಒಬ್ಬೊಬ್ಬರಿಗೂ ಸೇದಿ ಕೊಡುತ್ತಿದ್ದರು. ಅವರೊಬ್ಬರಿಗೆ ಮಾತ್ರ ನಾನು ಮೇಲಿನ ರಸ್ತೆಯಿಂದ ನಲ್ಲಿ ನೀರು ಹೊತ್ತು ತರುತ್ತಿದ್ದೆ.