ಕನೀಜಳ ಹಣೆಯ ಬೊಟ್ಟು

ಯಲಹಂಕದ ಕೇಬಲ್ ಚಾನೆಲ್ಲಿನಲ್ಲಿ ಸಂಜೆ ವಾರ್ತೆ ಓದುವ ಹೆಂಗಸನ್ನು ಆ ಕಡೆಯವರೆಲ್ಲ ಕಲಾವತಿ ಎಂದೇ ಬಲ್ಲರು. ಅವಳ ನಿಜವಾದ ಹೆಸರು ಕನೀಜ್. ಮನೆಯಲ್ಲಿ ದಖ್ಖನಿ ಮಾತು, ಓದಿದ್ದೆಲ್ಲ ಕನ್ನಡ ಶಾಲೆಯಲ್ಲಿ. ಅವಳು ಓದಿದರೆ ಮೋರಿ ಕಟ್ಟಿಕೊಂಡ ಸುದ್ದಿಯೂ ಕೇಳುವಂತಿರುತ್ತದೆ. ಅಲ್ಲಾಳಸಂದ್ರ ಎನ್ನುವ ಊರಹೆಸರಿನ ಳಕಾರವನ್ನು ಅವಳಷ್ಟು ಚೆಂದವಾಗಿ ಹೊರಳಿಸುವವರು ಆ ಚಾನೆಲ್ಲಿನಲ್ಲಿ ಇನ್ನೊಬ್ಬರಿಲ್ಲ.

ಆ ಕೆಲಸಕ್ಕೆ ಅವಳು ಆಸೆಪಟ್ಟೇ ಸೇರಿದ್ದಳು. ಟೀವಿ ಸುದ್ದಿಯಲ್ಲಿ ತನ್ನಂಥವರು ಕಾಣಿಸುವುದು ರಂಜಾನಿನಲ್ಲಿ ಹಲೀಮ್ ಅಂಗಡಿಯ ಮುಂದೆ, ಇಲ್ಲವೇ ಯಾವುದಾದರೂ ಪೊಲೀಸ್ ಕೇಸಿನಲ್ಲಿ. ನೀರು, ರಸ್ತೆ, ಬಸ್ಸಿನ ಸುದ್ದಿಯನ್ನೂ ಒಬ್ಬ ಕನೀಜ್ ಓದಲಿ, ಜನ ಅದನ್ನು ಮಾಮೂಲಿ ಎಂದುಕೊಳ್ಳಲಿ ಎನ್ನುವುದಷ್ಟೇ ಅವಳ ಹಟ. ಮೊದಲ ದಿನ "ವಾರ್ತೆ ಓದಿದವರು ಕನೀಜ್" ಎಂದಾಗ, ಅವಳ ತಾಯಿ ಅನೀಸಾ ಅಕ್ಕಪಕ್ಕದ ಹೆಂಗಸರನ್ನೆಲ್ಲ ಟೀವಿ ಮುಂದೆ ಕೂರಿಸಿಕೊಂಡು ಕಣ್ಣೀರು ಹಾಕಿದ್ದಳು.

ಚಾನೆಲ್ ಯಜಮಾನ ಬಾಲರಾಜು ಕೆಟ್ಟವನಲ್ಲ, ಪುಕ್ಕಲ. ಜಾಹೀರಾತು ಕೊಡುವವರು ಕೆಮ್ಮಿದರೂ ಅದಕ್ಕೊಂದು ಅರ್ಥ ಹುಡುಕುವ ಪೈಕಿ. ರೇಷ್ಮೆ ಸೀರೆ ಅಂಗಡಿಯ ಆನಂದಪ್ಪ ಸಂಜೆ ವಾರ್ತೆಯ ಪ್ರಾಯೋಜಕನಾದ ಮೇಲೆ ಕನೀಜ್ ಉಡುತ್ತಿದ್ದುದು ಅವನ ಅಂಗಡಿಯದೇ ಸೀರೆ. ಒಂದು ದಿನ ಆನಂದಪ್ಪನ ಫೋನ್ ಬಂತು. ಮಾತು ಮುಗಿಸಿದ ಬಾಲರಾಜು ಮುಖ ಸಣ್ಣಗೆ ಮಾಡಿಕೊಂಡು ಕನೀಜಳ ಬಳಿ ಬಂದ.

"ಮೇಡಂ, ಬೊಟ್ಟು ಚೆನ್ನಾಗಿ ಕಾಣ್ಬೇಕಂತೆ. ಒಂದ್ ಸ್ಟಿಕ್ಕರ್ ತಾನೇ, ಇಟ್ಕೊಂಡ್‌ಬಿಡಿ. ಈ ಪಾರ್ಟಿ ಕೈ ಬಿಟ್ರೆ ಚಾನೆಲ್ ಮುಚ್ಬೇಕಾಗುತ್ತೆ."

ಕನೀಜಳಿಗೆ ಇದು ಹಿಡಿಸಲಿಲ್ಲ. ಆದರೆ ಆಶ್ಚರ್ಯವಾಗಲಿಲ್ಲ. ಇಂಥದೊಂದು ಮಾತು ಬಂದೇ ಬರುತ್ತದೆಂದು ಅವಳು ಒಳಗೊಳಗೇ ಕಾದಿದ್ದಳು. ಹಾಗಾಗಿ ಆನಂದಪ್ಪನನ್ನು ಹೋಗಿ ಕೇಳಲೂ ಇಲ್ಲ, ಬೊಟ್ಟು ಇಟ್ಟುಕೊಂಡಳು. ಸ್ವಲ್ಪ ದಿನಕ್ಕೆ ಬಾಲರಾಜುವಿಗೆ ಇನ್ನೊಂದು ಚಿಂತೆ ಹತ್ತಿತು: ಹಣೆಯಲ್ಲಿ ಬೊಟ್ಟು, ಹೆಸರು ಕನೀಜ್, ನೋಡುವವರಿಗೆ ಗಲಿಬಿಲಿಯಾಗುವುದಿಲ್ಲವೇ? ಸರಿ, ಹೆಸರೂ ಕಲಾವತಿಯಾಯಿತು. ಅನೀಸಾ ವಾರ್ತೆಯ ಹೊತ್ತಿಗೆ ಪಕ್ಕದ ಮನೆಯವರನ್ನು ಕರೆಯುವುದನ್ನು ನಿಲ್ಲಿಸಿದಳು. ಬೈದಿದ್ದರೂ ಕನೀಜಳಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಎರಡು ವರ್ಷ ಹೀಗೇ ಕಳೆಯಿತು. ಮೊನ್ನೆ ಅಂಗಡಿಯ ಹೊಸ ಮಹಡಿಯ ಪೂಜೆಗೆ ಹೋದಾಗ ಆನಂದಪ್ಪ ಎದುರೆದುರು ಮಾತಿಗೆ ಸಿಕ್ಕಿದ. ಬಾಗಲೂರಿನ ಹಳ್ಳಿಮಾತು ಇನ್ನೂ ನಾಲಿಗೆ ಬಿಡದ ಹಿರಿಯ. ಕನೀಜ್ ತಡೆಯಲಾರದೆ ಕೇಳಿಯೇಬಿಟ್ಟಳು.

"ಬೊಟ್ಟು ಇಡ್ಲೇಬೇಕು ಅಂತ ಯಾಕ್ ಹೇಳಿದ್ರಿ ಸಾರ್? ನಾನು ಮುಸ್ಲಿಮರವಳು. ನನ್ನ ಹೆಸರು ಕನೀಜ್."

ಆನಂದಪ್ಪ ಕಕ್ಕಾಬಿಕ್ಕಿಯಾದ. "ಬೊಟ್ಟಾ? ನಾನ್ಯಾವಾಗ ಅಂಗಂದೆ ಕಣವ್ವಾ? ಬುಟ್ಟಾ ಕಾಣಂಗೆ ಸೆರಗು ಬಿಡ್ಲಿ ಅಂದಿದ್ದು! ಬುಟ್ಟಾ, ಸೀರೆ ಮೇಲೆ ನೇಯ್ದಿರೋ ಜರಿ ಹೂವು! ನಿನ್ನ ಅಣೆ ಕಟ್ಕೊಂಡು ನಂಗೇನಾಗ್ಬೇಕು?"

ಸೀರೆಯ ಬುಟ್ಟಾ ಬಾಲರಾಜುವಿನ ಕಿವಿಯಲ್ಲಿ ಹಣೆಯ ಬೊಟ್ಟಾಗಿತ್ತು. ಕನೀಜ್ ಮೊದಲು ನಕ್ಕಳು. ಆಮೇಲೆ ಅಲ್ಲಿ ನಿಲ್ಲಲಾಗದೆ ಹೊರಗೆ ಬಂದಳು. ಒಂದೇ ಒಂದು ಮಾತು ಕೇಳಿದ್ದರೆ ಸಾಕಿತ್ತಲ್ಲ! ಬಾಲರಾಜು ತಪ್ಪು ಕೇಳಿಸಿಕೊಂಡ, ಆಗಲಿ; ತಾನೇಕೆ ಅದನ್ನು ಅಷ್ಟು ಸಲೀಸಾಗಿ ನಂಬಿದೆ? ಜನರನ್ನು ಇಷ್ಟು ಕೀಳಾಗಿ ಎಣಿಸಿಕೊಂಡೇ ತಾನು ದಿನವೂ ಅವರಿಗೆ ನಮಸ್ಕಾರ ಹೇಳುತ್ತಿದ್ದೆನಲ್ಲ ಎಂದು ತನ್ನನ್ನೇ ಹಳಿದುಕೊಂಡಳು.

ವಿಷಯ ತಿಳಿದ ಬಾಲರಾಜು ತಲೆ ತಗ್ಗಿಸಿದ. "ತಪ್ಪಾಯ್ತು ಮೇಡಂ. ಇವತ್ತಿಂದ ನಿಮ್ ಹೆಸರೇ ಹೇಳಿ."

ಕನೀಜ್ ಮನೆಗೆ ಫೋನ್ ಮಾಡಿ, ಇವತ್ತು ಪಕ್ಕದ ಮನೆಯವರನ್ನೆಲ್ಲ ಕರೆಯಮ್ಮಾ ಎಂದು ತಾಯಿಗೆ ಹೇಳಿದಳು. ವಾರ್ತೆ ನೇರ ಪ್ರಸಾರ. ಹಣೆಗೆ ಸ್ಟಿಕ್ಕರ್ ಇಡದೆ ಕೂತು, ಎಲ್ಲೂ ತಡವರಿಸದೆ ಓದಿದಳು. ಕೊನೆಯಲ್ಲಿ ಕ್ಯಾಮೆರಾ ನೋಡಿ, ಮುಖ ತುಂಬ ನಕ್ಕು ಹೇಳಿದಳು:

"ವಾರ್ತೆ ಓದಿದವರು ಕಲಾವತಿ."

ಯಾರೂ ಹೇಳಿಸಿರಲಿಲ್ಲ. ನಾಲಿಗೆ ತಾನಾಗಿಯೇ ಹೇಳಿತ್ತು. ಅವಳು ತಿದ್ದಿಕೊಳ್ಳಲು ಬಾಯಿ ತೆರೆಯುವಷ್ಟರಲ್ಲಿ ಜಾಹೀರಾತು ಶುರುವಾಗಿತ್ತು.