ಒಂದೇ ಮುಳ್ಳಿನ ಗಡಿಯಾರದ ಊರು

ಕುವೈತಿನ ಅಹ್ಮದಿ ಊರಿನ ಕಂಪನಿ ಕ್ವಾರ್ಟರ್ಸಿನಲ್ಲಿ ಕೂತು ನಾನು ಇಟಲಿಯ ಸಣ್ಣ ಊರುಗಳನ್ನು ಸುತ್ತುತ್ತೇನೆ. ಯಾರೋ ಪುಣ್ಯಾತ್ಮರು ಕ್ಯಾಮೆರಾ ಹಿಡಿದು, ತುಟಿಪಿಟಕ್ಕೆನ್ನದೆ, ಆ ಊರುಗಳ ಓಣಿಗಳಲ್ಲಿ ನಡೆದಾಡಿ ವಿಡಿಯೋ ಹಾಕಿರುತ್ತಾರೆ. ಅಡುಗೆಮನೆ ಕೆಲಸ ಮುಗಿಸಿ ಟಿವಿಯಲ್ಲಿ ಅದನ್ನು ಹಾಕಿಕೊಂಡರೆ ಹೊರಗಿನ ಸುಡುಬಿಸಿಲು ನನ್ನ ಲೆಕ್ಕಕ್ಕಿಲ್ಲ.

ರೋಮ್, ವೆನಿಸ್ ನನಗೆ ಬೇಡ, ಅಲ್ಲಿ ಬರೀ ಜನಜಂಗುಳಿ. ನನಗೆ ಬೇಕಾದದ್ದು ಗುಡ್ಡದ ಮೇಲಿನ ಪುಟ್ಟ ಊರುಗಳು. ಮುಂಭಾಗಕ್ಕೆ ಕಲ್ಲು ಹೊದಿಸುವ ಮೊದಲೇ ಕೆಲಸ ನಿಂತು, ಇಂದಿಗೂ ಇಟ್ಟಿಗೆಯಲ್ಲೇ ಉಳಿದ ಚರ್ಚು. ಹಿಂದೆ ಹೆಂಗಸರು ಬಟ್ಟೆ ಒಗೆಯುತ್ತಿದ್ದ, ಮೇಲೆ ಸೂರಿರುವ ಕಲ್ಲಿನ ತೊಟ್ಟಿ. ಈಗ ಅಂಚೆ ಕಚೇರಿಯಾಗಿರುವ ಹಳೆಯ ಅರಮನೆ. ಅದರಲ್ಲೂ ಒಂದು ಊರಿದೆ. ಅಲ್ಲಿನ ಗೋಪುರದ ಗಡಿಯಾರಕ್ಕೆ ಒಂದೇ ಮುಳ್ಳು. ಗಂಟೆ ತಿಳಿಯುತ್ತದೆ, ನಿಮಿಷ ಯಾರಿಗೂ ಬೇಕಿಲ್ಲ. ಆ ಊರಿನಲ್ಲಿ ಕಣ್ಣು ಕಟ್ಟಿ ಬಿಟ್ಟರೂ ಬಾವಿಕಟ್ಟೆಯಿಂದ ಚರ್ಚಿನ ಮೆಟ್ಟಿಲಿಗೆ ಹೋಗಬಲ್ಲೆ.

ನಮ್ಮವರು ಆಫೀಸಿನಿಂದ ಬಂದು ಶೂ ಬಿಚ್ಚುತ್ತಾ ಕೇಳುತ್ತಾರೆ, “ಏನೇ, ಇವತ್ತು ಯಾವೂರ್ನಲ್ಲಿದೀಯ? ಗಾಳಿಗೋಪುರ ಎಷ್ಟು ಅಂತಸ್ತಾಯ್ತು?” ನಾನು ಉತ್ತರ ಕೊಡುವಷ್ಟರಲ್ಲಿ ಮೊಬೈಲ್ ಹಿಡಿದು ಪಕ್ಕದಲ್ಲಿ ಕೂತಿರುತ್ತಾರೆ.

ಗಲ್ಫಿನವರ ರಜೆ ನಮ್ಮದಲ್ಲ, ಅದು ಊರಿನದು. ಮದುವೆ, ಗೃಹಪ್ರವೇಶ, ನಾಮಕರಣ ಎಲ್ಲ ನಮ್ಮ ರಜೆ ನೋಡಿಕೊಂಡೇ ನಿಶ್ಚಯವಾಗುತ್ತವೆ. ನಾವು ಸೂಟ್‌ಕೇಸಿನಲ್ಲಿ ಖರ್ಜೂರ, ಬಾದಾಮಿ ತುಂಬಿಕೊಂಡು ಹಾಜರಾಗಬೇಕು. ಆದರೆ ಕಳೆದ ಸಲ ನಾನು ಹಟ ಹಿಡಿದೆ. ಇವರ ನಿವೃತ್ತಿ ಹತ್ತಿರವಾಗಿತ್ತು. ಕೆಲಸ ಮುಗಿದು ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ, ರದ್ದಾದರೆ ಮೈಸೂರಿಗೆ ಗಂಟುಮೂಟೆ ಕಟ್ಟುವುದೇ. ಆಮೇಲೆ ಇಟಲಿ ಎಲ್ಲಿಯದು? ಇವರು ಒಪ್ಪಿದರು. ಕುವೈತ್ ಸಿಟಿಗೆ ಹೋಗಿ ಬೆರಳಚ್ಚು ಕೊಟ್ಟು ಬಂದೆವು. ವೀಸಾ ಬಂತು.

ಅದೇ ವಾರ ನಾದಿನಿಯ ಫೋನ್. ಮಗಳ ಮದುವೆ ನಿಶ್ಚಯವಾಗಿತ್ತು, ಮುಹೂರ್ತ ನಮ್ಮ ರಜೆಯ ನಟ್ಟನಡುವೆ.

“ಅಣ್ಣ, ನಿನ್ನ ರಜ ನೋಡ್ಕೊಂಡೇ ಡೇಟ್ ಇಟ್ಟಿರೋದು. ಸೋದರಮಾವನೇ ಇಲ್ದೆ ಹುಡುಗೀನ ಮಂಟಪಕ್ಕೆ ಯಾರು ಕರ್ಕೊಂಡ್ಬರ್ತಾರೆ?”

ಇಟಲಿ ಬಿಟ್ಟು ಊರಿಗೆ ಟಿಕೆಟ್ ತೆಗೆದೆವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನಾನು ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ. ಮದುವೆಯಲ್ಲಿ ಮಾತ್ರ ರೇಷ್ಮೆ ಸೀರೆ ಉಟ್ಟು ನಗುನಗುತ್ತಲೇ ಓಡಾಡಿದೆ. ಇವರು ಹುಡುಗಿಯ ಕೈಹಿಡಿದು ಮಂಟಪಕ್ಕೆ ಕರೆತಂದರು. ಅಲ್ಲಿಗೆ ಸೋದರಮಾವನ ಕೆಲಸ ಖಲಾಸ್, ನಮ್ಮ ವೀಸಾದ ಅವಧಿಯೂ ಖಲಾಸ್.

ಕುವೈತಿಗೆ ಮರಳಿದ ಮೇಲೆ ಒಂದು ಸಂಜೆ ಆ ಹುಡುಗಿಯೇ ವಿಡಿಯೋ ಕಾಲ್ ಮಾಡಿದಳು.

“ಅತ್ತೆ, ಹನಿಮೂನ್‌ಗೆ ಇಟಲಿ ಫಿಕ್ಸ್ ಆಯ್ತು! ನಿಮಗೆ ಅಲ್ಲಿನ ಸಣ್ಣ ಸಣ್ಣ ಊರೆಲ್ಲಾ ಗೊತ್ತಂತಲ್ಲ, ಮಾವ ಹೇಳಿದ್ರು. ಏನೇನು ನೋಡ್ಬೇಕು ಹೇಳಿ ಪ್ಲೀಸ್.”

ಅವಳ ಮೇಲೆ ಕೋಪ ಮಾಡಿಕೊಳ್ಳಲು ಏನೂ ಇರಲಿಲ್ಲ. ಹೇಳುತ್ತಾ ಹೋದೆ. ಇಟ್ಟಿಗೆಯ ಚರ್ಚಿಗೆ ಬೆಳಗ್ಗೆಯೇ ಹೋಗಬೇಕು, ಮಧ್ಯಾಹ್ನ ಬಾಗಿಲು ಹಾಕುತ್ತಾರೆ. ಒಗೆಯುವ ತೊಟ್ಟಿ ಊರಬಾಗಿಲಿನ ಹೊರಗೆ, ಎಡಕ್ಕೆ. ಅರಮನೆಯ ಅಂಗಳ ನೋಡಬೇಕಾದರೆ ಅಂಚೆ ಕಚೇರಿಯೊಳಗೆ ಸುಮ್ಮನೆ ನುಗ್ಗಿಬಿಡಬೇಕು. ಹೀಲ್ಸ್ ಬೇಡವೇ ಬೇಡ, ಎಲ್ಲ ಕಲ್ಲುಹಾಸು. ಅವಳು “ಅತ್ತೆ, ಯೂ ಆರ್ ದಿ ಬೆಸ್ಟ್” ಎಂದು ಫೋನಿಟ್ಟಳು.

ಪಕ್ಕದಲ್ಲಿ ಮೊಬೈಲಿನೊಳಗೆ ಮುಳುಗಿದ್ದ ಇವರು ತಲೆಯೆತ್ತಿದರು.

“ಆ ಗಡಿಯಾರದ ಊರು ಹೇಳ್ಲೇ ಇಲ್ವಲ್ಲೇ. ಮರ್ತೋಯ್ತಾ?”

ಇಷ್ಟು ವರ್ಷ ಇವರೂ ನೋಡುತ್ತಿದ್ದರೆಂದು ನನಗೆ ಗೊತ್ತೇ ಇರಲಿಲ್ಲ.

“ಮರ್ತಿಲ್ಲ ರೀ,” ಎಂದೆ. “ಅದೊಂದು ನಂಗಿರ್ಲಿ.”