ಸರೋಜಳ ಕಿವಿ ಮತ್ತು ಕಬ್ಬಿಣದ ಪೈಪು

ಆಗ ಕಾರ್ಗಲ್ಲಿನ ನಮ್ಮ ಕಾಲೊನಿಯಲ್ಲಿ ಯಾರ ಮನೆಯಲ್ಲೂ ಫೋನಿರಲಿಲ್ಲ, ಮಕ್ಕಳಾದ ನಮಗೆ ಅದರ ಕೊರತೆಯೂ ಇರಲಿಲ್ಲ. ಎರಡು ಖಾಲಿ ಬೆಂಕಿಪೊಟ್ಟಣ, ಅಮ್ಮನ ಹೊಲಿಗೆ ಡಬ್ಬಿಯಿಂದ ಹಾರಿಸಿದ ದಾರ, ಇಷ್ಟಿದ್ದರೆ ಈ ಕ್ವಾರ್ಟರ್ಸಿನಿಂದ ಆ ಕ್ವಾರ್ಟರ್ಸಿಗೆ ಮಾತು ಹರಿಯುತ್ತಿತ್ತು. ದಾರ ಬಿಗಿಯಾಗಿರಬೇಕು, ಅಷ್ಟೆ. ಸಡಿಲಾದರೆ ಮಾತು ನಡುದಾರಿಯಲ್ಲೇ ಸತ್ತುಹೋಗುತ್ತಿತ್ತು.

ನಾನು ಐದನೇ ಕ್ಲಾಸಿನಲ್ಲಿದ್ದೆ. ಶಿವರಾತ್ರಿ ಕಳೆದು ಬಿಸಿಲು ಏರುತ್ತಿತ್ತು. ಲಂಗದ ಜೇಬಿನಲ್ಲಿ ಮಾವಿನ ಮಿಡಿ, ಕಾಗದದಲ್ಲಿ ಕಟ್ಟಿದ ಉಪ್ಪುಖಾರ. ಪಕ್ಕದಲ್ಲಿ ಕೂರುತ್ತಿದ್ದವಳು ಸರೋಜ. ಕಾಲೊನಿಗೆ ಹಾಲು ಹಾಕುತ್ತಿದ್ದ ಗುತ್ಯಪ್ಪನ ಮಗಳು. ಹೆಸರು ಕೂಗಿದರೆ ಏಳುತ್ತಿರಲಿಲ್ಲ, ಕೇಳಿದ್ದೊಂದಕ್ಕೆ ಹೇಳುತ್ತಿದ್ದುದು ಇನ್ನೊಂದು. ಎಲ್ಲರೂ ಅವಳನ್ನು ಪೆದ್ದಿ ಎಂದೇ ತಿಳಿದಿದ್ದರು. ನಾನೂ. ‘ಈ ವರ್ಷಕ್ಕೆ ಸಾಕು, ಇನ್ನು ಕೊಟ್ಟಿಗೆ ಕೆಲಸ ಕಲೀಲಿ’ ಎಂದು ಅವಳಪ್ಪ ನಮ್ಮ ಅಮ್ಮನ ಹತ್ತಿರ ಹೇಳಿಯೂ ಆಗಿತ್ತು.

ಶಾಲೆಯ ಹಿಂದೆ ಕಾಲೊನಿಗೆ ನೀರು ತರುವ ಕಬ್ಬಿಣದ ಪೈಪು ಕಲ್ಲುಕಂಬಗಳ ಮೇಲೆ ಹಾದುಹೋಗಿತ್ತು. ನಮ್ಮ ಆಟ ಅದರ ಮೇಲೆಯೇ. ಒಬ್ಬರು ದೂರ ಹೋಗಿ ಕಲ್ಲಿನಿಂದ ಕುಟ್ಟಬೇಕು, ಉಳಿದವರು ಪೈಪಿಗೆ ಕಿವಿಯಿಟ್ಟು ಎಷ್ಟು ಪೆಟ್ಟು ಎಂದು ಎಣಿಸಬೇಕು. ಜೋರಾಗಿ ಕುಟ್ಟಿದರೆ ಒಂದೇ ಪೆಟ್ಟು ಎರಡು ಸಲ ಕೇಳುತ್ತಿತ್ತು: ಮೊದಲು ಕಬ್ಬಿಣದೊಳಗಿಂದ, ಆಮೇಲೆ ಗಾಳಿಯಲ್ಲಿ ತಡವಾಗಿ ಬಂದದ್ದು.

ಒಂದು ಮಧ್ಯಾಹ್ನ ಗಾಳಿ ಜೋರಾಗಿತ್ತು. ಅತ್ತ ಕಡೆಯಿದ್ದ ನಾಗವೇಣಿ ಬೇಕೆಂದೇ ಮೆತ್ತಗೆ ಕುಟ್ಟಿದಳು. ನಮಗ್ಯಾರಿಗೂ ಲೆಕ್ಕ ಸಿಗಲಿಲ್ಲ. ಕೆನ್ನೆಯ ಮೂಳೆಯನ್ನೇ ಪೈಪಿಗೆ ಒತ್ತಿ ಕೂತಿದ್ದ ಸರೋಜ, ‘ಏಳು’ ಎಂದಳು. ಏಳೇ ಆಗಿತ್ತು. ಯಾರೋ ಸನ್ನೆ ಮಾಡುತ್ತಿದ್ದಾರೆಂಬ ಅನುಮಾನದಿಂದ ಅವಳ ಕಣ್ಣು ಕಟ್ಟಿದೆವು. ನಾಗವೇಣಿ ಹುಣಿಸೆಬೀಜದಿಂದ ತಟ್ಟಿದಳು. ‘ನಾಕು’ ಎಂದಳು ಸರೋಜ. ಅದೂ ಸರಿ. ಕೂಗಿದರೂ ಏಳದವಳಿಗೆ ಇದು ಹೇಗೆ ಕೇಳಿತು? ನಾನು ಓಡಿಹೋಗಿ ನಮ್ಮ ಟೀಚರು ಶಾರದಕ್ಕೋರಿಗೆ ಹೇಳಿದೆ.

ಅವರು ನಗಲಿಲ್ಲ. ಮರುದಿನ ಬೀರುವಿನಿಂದ, ಸದ್ದಿನ ಪಾಠಕ್ಕೆಂದು ಇಟ್ಟಿದ್ದ ಎರಡು ಕಾಲಿನ ಉಕ್ಕಿನ ಕವೆಯೊಂದನ್ನು ತೆಗೆದು, ಚಪ್ಪಲಿಯ ಹಿಮ್ಮಡಿಗೆ ಬಡಿದು ಸರೋಜಳ ಕಿವಿಯ ಬಳಿ ಹಿಡಿದರು. ಅವಳು ಕೇಳಲಿಲ್ಲವೆಂದು ತಲೆ ಅಲ್ಲಾಡಿಸಿದಳು. ಮತ್ತೆ ಬಡಿದು, ಕವೆಯ ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿದರು. ಸರೋಜಳ ಕಣ್ಣುಗಳು ಅಗಲವಾದವು.

‘ಝುಂಯ್ ಅಂತದೆ ಅಕ್ಕೋರೇ.’

ಆ ಸಂಜೆ ಅಕ್ಕೋರು ಕವೆ ಹಿಡಿದು ಗುತ್ಯಪ್ಪನ ಮನೆಗೆ ಹೊರಟರು. ನಾನೂ ಸರೋಜಳೂ ಹಿಂದೆ.

‘ಅವಳ ತಲೆಗೇ ಹತ್ತಲ್ಲ ಅಕ್ಕೋರೇ, ಸುಮ್ನೆ ಯಾಕೆ’ ಎಂದ ಗುತ್ಯಪ್ಪ.

‘ತಲೆಗೆ ಹತ್ತುತ್ತೆ ಗುತ್ಯಪ್ಪ. ಕಿವಿಗೆ ಹತ್ತಲ್ಲ. ಸದ್ದು ಅಂದ್ರೆ ನಡುಕ. ಗಾಳಿ ನಡುಗಿ ಬಂದು ಕಿವಿಯೊಳಗಿನ ತಮಟೆಗೆ ಬಡೀಬೇಕು. ಇವಳ ತಮಟೆ ಕೆಟ್ಟಿದೆ. ಮೂಳೆ ಮೂಲಕ ಕಳ್ಸಿದ್ರೆ ಒಳಗಿನ ಕಿವಿ ಚೆನ್ನಾಗಿ ಕೇಳಿಸ್ಕೊಳ್ತದೆ. ಸಣ್ಣಕ್ಕಿದ್ದಾಗ ಕಿವಿ ಸೋರ್ತಿತ್ತಾ?’

‘ಎರಡೂ ಸೋರ್ತಿತ್ತು. ಎಂಥದೋ ಸೊಪ್ಪಿನ ರಸ ಬಿಟ್ಟಿದ್ವಿ.’

ಅಕ್ಕೋರು ಬಡಿದುಕೊಟ್ಟ ಕವೆಯನ್ನು ಅವನು ತನ್ನ ಕಿವಿಯ ಹಿಂದೆ ಇಟ್ಟುಕೊಂಡು ನೋಡಿದ. ಆಮೇಲೆ ಮತ್ತೆ ಬಡಿದು ಮಗಳ ಕಿವಿಯ ಹಿಂದೆ ಇಟ್ಟು ಅವಳ ಮುಖವನ್ನೇ ನೋಡಿದ.

‘ಕರೆದ್ರೆ ಬರಲ್ಲ ಅಂತ ಹೊಡೆದಿದೀನಿ ಅಕ್ಕೋರೇ’ ಎಂದ ಕೊನೆಗೆ.

‘ಇನ್ನು ಹೊಡೀಬೇಡ. ಸೋಮವಾರ ಶಿವಮೊಗ್ಗಕ್ಕೆ ಕರ್ಕೊಂಡು ಹೋಗು. ನಾನೂ ಬರ್ತೀನಿ.’

ಎರಡೂ ಕಿವಿಯ ತಮಟೆಯಲ್ಲಿ ತೂತಿದೆ ಎಂದರಂತೆ ಅಲ್ಲಿನ ಡಾಕ್ಟರು. ಕಿವಿಯ ಹಿಂದಿನದೇ ತೆಳುಪೊರೆ ತೆಗೆದು ತೇಪೆ ಹಾಕಿದರು, ಆ ಬೇಸಿಗೆಯಲ್ಲಿ ಒಂದಕ್ಕೆ, ಮರುವರ್ಷ ಇನ್ನೊಂದಕ್ಕೆ. ಮೊದಲ ಸಲದ ಬ್ಯಾಂಡೇಜು, ಹತ್ತಿ ಎಲ್ಲ ತೆಗೆದ ಮೇಲೆ ಸರೋಜ ನಮ್ಮ ಮನೆಗೆ ಬಂದಳು. ಅಮ್ಮ ಸುಟ್ಟ ಹಲಸಿನ ಹಪ್ಪಳದ ಘಮ ಮನೆಯೆಲ್ಲ ತುಂಬಿತ್ತು. ನಾನೊಂದು ಮುರಿದು ಬಾಯಿಗಿಟ್ಟೆ. ಅವಳು ಬೆಚ್ಚಿ ನನ್ನನ್ನು ನೋಡಿದಳು.

‘ನೀ ತಿಂದ್ರೆ ಇಷ್ಟು ಸದ್ದಾಗ್ತದೇನೇ?’

ನಾನು ಬೇಕೆಂದೇ ಇನ್ನೊಂದನ್ನು ಕರುಕುರು ತಿಂದೆ. ಅವಳು ಬಗ್ಗಿ ನನ್ನ ಬಾಯಿಗೇ ಕಿವಿಯಿಟ್ಟಳು. ಇಬ್ಬರೂ ನಕ್ಕು ನಕ್ಕು ಹಪ್ಪಳವೆಲ್ಲ ಪುಡಿಯಾಯಿತು. ಶಾಲೆ ಬಿಡಿಸುವ ಮಾತು ಅವಳ ಮನೆಯಲ್ಲಿ ಮತ್ತೆ ಬರಲಿಲ್ಲ. ಏಳನೇ ಕ್ಲಾಸಿನ ಹೊತ್ತಿಗೆ ಅವಳು ನನಗಿಂತ ಮುಂದಿದ್ದಳು.

ಅಕ್ಕೋರು ಈಗಿಲ್ಲ. ಕಾಲೊನಿಯ ಅರ್ಧಕ್ಕರ್ಧ ಕ್ವಾರ್ಟರ್ಸುಗಳಿಗೆ ಬೀಗ. ನಾವಿಬ್ಬರೂ ಐವತ್ತು ದಾಟಿದ್ದೇವೆ. ಸರೋಜ ತೀರ್ಥಹಳ್ಳಿಯ ಕಾಲೇಜೊಂದರಲ್ಲಿ ಪಾಠ ಮಾಡುತ್ತಾಳೆ. ಹೋದ ತಿಂಗಳು ಅಲ್ಲಿಗೆ ಹೋಗಿದ್ದಾಗ ಸಂಜೆ ಇಬ್ಬರೂ ತುಂಗೆಯ ದಡದಲ್ಲಿ ಕೂತಿದ್ದೆವು.

‘ಜೀರುಂಡೆ ಎಷ್ಟು ಕೂಗ್ತಾವೆ ನೋಡು’ ಎಂದಳು.

ನಾನು ಕಿವಿಗೊಟ್ಟೆ. ಹೊಳೆಯ ಸದ್ದಿತ್ತು, ಸೇತುವೆ ಮೇಲೆ ಬಸ್ಸಿನ ಸದ್ದಿತ್ತು. ಜೀರುಂಡೆ ಇರಲಿಲ್ಲ. ವಯಸ್ಸಾದಂತೆ ತೀರಾ ಸಣ್ಣ, ಕೀರಲು ದನಿಗಳು ಮೊದಲು ಹೋಗುತ್ತವೆ ಎಂದು ಡಾಕ್ಟರು ಹೇಳಿದ್ದರು. ಯಾವ ಸಂಜೆ ಹೋದವೋ ಗೊತ್ತೇ ಆಗಿರಲಿಲ್ಲ.

‘ನಂಗೆ ಕೇಳಲ್ಲ ಕಣೆ’ ಎಂದೆ.

ಸರೋಜ ನನ್ನ ಮುಖ ನೋಡಿದಳು. ಆಮೇಲೆ ಇನ್ನಷ್ಟು ಹತ್ತಿರ ಸರಿದು ಕೂತು, ಮರಗಳ ಕಡೆ ತಿರುಗಿ, ‘ಈಗ ನಿಲ್ಸಿದ್ವು’ ಎಂದಳು. ಸ್ವಲ್ಪ ಹೊತ್ತಿನ ಮೇಲೆ, ‘ಈಗ ಮತ್ತೆ ಶುರು’ ಎಂದಳು.